ಸಿಡುಬಿನ ದೇವಿ ಮತ್ತು ಲಸಿಕೆ: ಧಾರ್ಮಿಕ ನಿಲುವುಗಳ ಚಾರಿತ್ರಿಕ ಅವಲೋಕನ

ಪೀಠಿಕೆ

ಜಗತ್ತಿನ ಪ್ರಮುಖ ಧರ್ಮಗಳ ಮೂಲಗ್ರಂಥಗಳೆಲ್ಲವೂ ಲಸಿಕೆಯ ಶೋಧಕ್ಕಿಂತ ಬಹಳ ಹಿಂದಿನವು. ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ ಎಂಟು ವರ್ಷದ ಬಾಲಕನೊಬ್ಬನ ತೋಳಿಗೆ ಗೋಸಿಡುಬಿನ, ಅಂದರೆ ಹಸುವಿನ ಕೆಚ್ಚಲಿಗೆ ಬರುವ ಸಿಡುಬಿನ, ಕೀವನ್ನು ಚುಚ್ಚಿದ್ದು 1796ರ ಮೇ 14ರಂದು. ಆದ್ದರಿಂದ ವೇದಗಳಾಗಲಿ, ತ್ರಿಪಿಟಕಗಳಾಗಲಿ, ಬೈಬಲ್ ಆಗಲಿ, ಕುರಾನ್ ಆಗಲಿ ಲಸಿಕೆಯನ್ನು ವಿಧಿಸಿವೆ ಅಥವಾ ನಿಷೇಧಿಸಿವೆ ಎಂದು ಹೇಳಲು ಬರುವುದಿಲ್ಲ. ಆದರೂ ಕಳೆದ ಮೂರು ಶತಮಾನಗಳಲ್ಲಿ ಲಸಿಕೆಯ ಪರವಾಗಿಯೂ ವಿರುದ್ಧವಾಗಿಯೂ ಧರ್ಮದ ಹೆಸರಿನಲ್ಲಿ ನಡೆದ ವಾದಗಳಿಗೆ ಲೆಕ್ಕವಿಲ್ಲ. ಗ್ರಂಥಗಳು ಮೌನವಾಗಿರುವ ವಿಷಯದಲ್ಲಿ ಇಷ್ಟೊಂದು ಮಾತು ಹುಟ್ಟಿದ್ದು ಎಲ್ಲಿಂದ ಎಂಬುದು ವಿಚಾರಣೀಯ ಸಂಗತಿಯಾಗಿದೆ.

ಈ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರ ಸರಳವಾದುದು: ವಿಜ್ಞಾನ ಒಂದು ಕಡೆ, ಮೂಢನಂಬಿಕೆ ಇನ್ನೊಂದು ಕಡೆ, ಮೊದಲನೆಯದು ಗೆದ್ದಿತು, ಎರಡನೆಯದು ಸೋತಿತು. ವಸಾಹತುಶಾಹಿ ಕಾಲದ ವರದಿಗಳು ಹಾಕಿಕೊಟ್ಟ ಈ ಚೌಕಟ್ಟನ್ನು ಸ್ವಾತಂತ್ರ್ಯಾನಂತರದ ಆರೋಗ್ಯ ಪ್ರಚಾರ ಸಾಹಿತ್ಯವೂ ಬಹುಮಟ್ಟಿಗೆ ಮುಂದುವರಿಸಿತು. ಆದರೆ ಜನಪದ ಆಚರಣೆ, ಆಡುಮಾತು ಮತ್ತು ಚಾರಿತ್ರಿಕ ದಾಖಲೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಬೇರೆಯೇ ಚಿತ್ರ ಮೂಡುತ್ತದೆ. ಧಾರ್ಮಿಕ ಸಮುದಾಯಗಳು ಲಸಿಕೆಯ ಮುಂದೆ ಮತ್ತೆ ಮತ್ತೆ ಎತ್ತಿದ ಪ್ರಶ್ನೆಗಳು ಮೂರು. ರೋಗವನ್ನು ಕಳುಹಿಸಿದವರು ಯಾರು? ದೇಹದೊಳಗೆ ಸೇರುತ್ತಿರುವ ವಸ್ತು ಯಾವುದು? ಚುಚ್ಚುತ್ತಿರುವ ಕೈ ಯಾರದು? ಈ ಮೂರಕ್ಕೂ ಸಮುದಾಯದ ಭಾಷೆಯಲ್ಲಿಯೇ ಉತ್ತರ ದೊರೆತಲ್ಲಿ ಲಸಿಕೆ ಒಳಗೆ ಬಂದಿದೆ. ಉತ್ತರವನ್ನು ವಂಚನೆಯಿಂದಲೋ ಬಲದಿಂದಲೋ ತಪ್ಪಿಸಿದಲ್ಲಿ ಅಪನಂಬಿಕೆ ತಲೆಮಾರುಗಳ ಕಾಲ ಉಳಿದಿದೆ. ಸಿಡುಬನ್ನು ಕೇಂದ್ರವಾಗಿರಿಸಿಕೊಂಡು, ಅಗತ್ಯವಿದ್ದಲ್ಲಿ ಪ್ಲೇಗು ಮತ್ತು ಪೋಲಿಯೊ ಲಸಿಕೆಗಳ ಚರಿತ್ರೆಯನ್ನೂ ಜೋಡಿಸಿ, ಈ ಮಾತನ್ನು ಇಲ್ಲಿ ಪರಿಶೀಲಿಸಲಾಗಿದೆ.

ಪದಗಳ ಸಾಕ್ಷ್ಯ

ಒಂದು ಸಮುದಾಯ ಹೊಸ ವಸ್ತುವನ್ನು ಹೇಗೆ ಬರಮಾಡಿಕೊಂಡಿತು ಎಂಬುದಕ್ಕೆ ಅದು ಕೊಟ್ಟ ಹೆಸರು ಒಳ್ಳೆಯ ಸಾಕ್ಷಿ. ಇಂಗ್ಲಿಷಿನ ‘ವ್ಯಾಕ್ಸಿನ್’ ಎಂಬುದು ಹಸು ಎಂಬರ್ಥದ ಲ್ಯಾಟಿನ್ ಪದದಿಂದ ಬಂದುದು. ಅದಕ್ಕಿಂತ ಹಳೆಯದಾದ ‘ಇನಾಕ್ಯುಲೇಶನ್’ ತೋಟಗಾರಿಕೆಯ ಮಾತು. ಒಂದು ಗಿಡದ ಕಣ್ಣನ್ನು ಇನ್ನೊಂದು ಗಿಡಕ್ಕೆ ಕೂಡಿಸುವುದು ಅದರ ಮೂಲಾರ್ಥ. ತುರ್ಕಿ ಭಾಷೆಯ ‘ಅಶಿ’ ಎಂಬ ಪದಕ್ಕೂ ಕಸಿ ಮತ್ತು ಲಸಿಕೆ ಎಂಬ ಎರಡೂ ಅರ್ಥಗಳಿವೆ. ಚೀನೀಯರು ಸಿಡುಬನ್ನು ‘ನೆಡುವುದು’ ಎಂದರು. ಈ ಎಲ್ಲ ಕಡೆ ಹೊಸ ಕ್ರಿಯೆಯನ್ನು ಕೃಷಿಯ ಅನುಭವದ ಮೂಲಕ ಅರ್ಥಮಾಡಿಕೊಳ್ಳಲಾಗಿದೆ.

ಭಾರತದ ಭಾಷೆಗಳು ಹಿಡಿದ ದಾರಿ ಬೇರೆ. ಹಿಂದಿ, ಉರ್ದು ಮತ್ತು ಬಂಗಾಳಿಗಳಲ್ಲಿ ಲಸಿಕೆಗೆ ‘ಟೀಕಾ’ ಎನ್ನುತ್ತಾರೆ. ಹಣೆಯ ಮೇಲಿಡುವ ತಿಲಕಕ್ಕೂ ಇದೇ ಪದ. ಚುಚ್ಚುವವನು ‘ಟೀಕಾದಾರ’. ಮರಾಠಿಯಲ್ಲಿ ಸಿಡುಬಿನ ಹೆಸರು ‘ದೇವಿ’. ಸಿಡುಬಿನ ಲಸಿಕೆ ಹಾಕುವುದಕ್ಕೆ ‘ದೇವಿ ಕಾಢಣೇ’, ‘ದೇವಿ ಟೋಚಣೇ’ ಎಂಬ ಮಾತುಗಳಿವೆ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ‘ದೇವಿ ಹಾಕು’ ಎಂಬ ಪ್ರಯೋಗವೂ, ಹಳೆಯ ಮೈಸೂರು ಪ್ರಾಂತ್ಯದಲ್ಲಿ ‘ಮೈಲಿ ಹಾಕು’, ‘ದಾಕು ಹಾಕು’ ಎಂಬ ಪ್ರಯೋಗಗಳೂ ಬಳಕೆಯಲ್ಲಿದ್ದವು. ‘ಮೈಲಿ’ ಎಂಬುದು ಸಿಡುಬಿನ ಇನ್ನೊಂದು ಹೆಸರು. ಅಂದರೆ ರೋಗಕ್ಕೂ ಲಸಿಕೆಗೂ ಒಂದೇ ಹೆಸರು. ಆ ಹೆಸರು ಹಲವೆಡೆ ದೇವತೆಯದು.

ಇಲ್ಲಿ ಕ್ರಿಯಾಪದವೂ ಗಮನಾರ್ಹವಾದುದು. ಜನರು ‘ದೇವಿ ಓಡಿಸು’ ಎನ್ನಲಿಲ್ಲ, ‘ದೇವಿ ತಡೆ’ ಎನ್ನಲಿಲ್ಲ. ‘ದೇವಿ ಹಾಕು’ ಎಂದರು. ದೇವತೆಯನ್ನು ಸಣ್ಣ ಪ್ರಮಾಣದಲ್ಲಿ, ಹದವರಿತು, ಮೈಗೆ ಬರಮಾಡಿಕೊಳ್ಳುವ ಕ್ರಿಯೆಯೆಂಬ ಗ್ರಹಿಕೆ ಈ ಮಾತಿನಲ್ಲಿ ಅಡಗಿದೆ. ವೈದ್ಯಶಾಸ್ತ್ರದ ದೃಷ್ಟಿಯಿಂದಲೂ ಲಸಿಕೆಯ ತತ್ತ್ವ ಇದಕ್ಕೆ ದೂರವಾದುದಲ್ಲ. ನಂಬಿಕೆ ಹೊಸ ವಿದ್ಯೆಗೆ ಅಡ್ಡಿಯಾಗಿತ್ತೆಂದು ಮಾತ್ರ ಹೇಳುವವರು ಈ ಭಾಷಿಕ ಸಾಕ್ಷ್ಯವನ್ನು ಲಕ್ಷಿಸಿಲ್ಲ.

ಆಚರಣೆಯೊಳಗಿನ ಸೂಜಿ

ಕನ್ನಡನಾಡಿನ ಹಳ್ಳಿಗಳಲ್ಲಿ ಸಿಡುಬು ಬಂದ ಮನೆಯವರು ‘ಅಮ್ಮ ಬಂದಿದ್ದಾಳೆ’ ಎನ್ನುತ್ತಿದ್ದರು. ರೋಗದ ಹೆಸರನ್ನು ನೇರವಾಗಿ ಉಚ್ಚರಿಸುತ್ತಿರಲಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುವುದು, ರೋಗಿಯನ್ನು ಬೇವಿನ ಎಲೆಗಳ ಮೇಲೆ ಮಲಗಿಸುವುದು, ಒಗ್ಗರಣೆ ಹಾಕದಿರುವುದು, ಕರಿದ ಪದಾರ್ಥ ಮಾಡದಿರುವುದು, ಹೊರಗಿನವರನ್ನು ಒಳಗೆ ಬಿಡದಿರುವುದು, ಮಜ್ಜಿಗೆ, ಅಂಬಲಿ, ಎಳನೀರಿನಂತಹ ತಂಪಿನ ಆಹಾರ ಕೊಡುವುದು ಇವೆಲ್ಲ ವ್ಯಾಪಕವಾಗಿದ್ದ ಕಟ್ಟಳೆಗಳು. ಬೊಕ್ಕೆಗಳು ಒಣಗಿ ಹಕ್ಕಳೆ ಉದುರಿದ ಮೇಲೆ ಬೇವು, ಅರಿಸಿನದ ನೀರು ಹಾಕಿ, ಮಾರಮ್ಮನಿಗೆ ತಂಬಿಟ್ಟಿನ ಆರತಿಯನ್ನೋ ಮೊಸರನ್ನದ ಎಡೆಯನ್ನೋ ಒಪ್ಪಿಸಿ ದೇವಿಯನ್ನು ತಂಪು ಮಾಡಿ ಕಳುಹಿಸಲಾಗುತ್ತಿತ್ತು. ದೇವಿ ಇಲ್ಲಿ ಶಿಕ್ಷೆ ಕೊಡುವವಳು ಮಾತ್ರವಲ್ಲ, ಮೈಮೇಲೆ ಬಂದ ಅತಿಥಿ. ಅವಳನ್ನು ಮರ್ಯಾದೆಯಿಂದ ನಡೆಸಿಕೊಂಡು ಸಮಾಧಾನದಿಂದ ಬೀಳ್ಕೊಡುವುದು ಮನೆಯವರ ಹೊಣೆ.

ಈ ಕಟ್ಟಳೆಗಳಲ್ಲಿ ರೋಗಿಯನ್ನು ಪ್ರತ್ಯೇಕವಾಗಿರಿಸುವ ವಿವೇಕ ಇದ್ದುದು ನಿಜ. ಆದರೆ ಆಚರಣೆಗಳೆಲ್ಲವೂ ಆರೋಗ್ಯಶಾಸ್ತ್ರವೇ ಎಂದು ವಾದಿಸುವುದು ಅತಿರೇಕವಾದೀತು. ಮಾರಿಯನ್ನು ಊರಿನ ಗಡಿ ದಾಟಿಸುವ ಆಚರಣೆ ಒಂದು ಊರಿನ ಭಯವನ್ನು ಪಕ್ಕದ ಊರಿಗೆ ಸಾಗಿಸುತ್ತಿತ್ತು; ಜಾತ್ರೆಯ ಜನಸಂದಣಿ ರೋಗಕ್ಕೂ ದಾರಿ ಮಾಡಿಕೊಡುತ್ತಿತ್ತು. ತುಳುನಾಡಿನ ಆಟಿ ಕಳಂಜ ಮನೆಮನೆಗೆ ಬಂದು ಮಾರಿಯನ್ನು ಕಳೆಯುವ ಆಚರಣೆಯೂ ಇದೇ ಲೋಕದೃಷ್ಟಿಗೆ ಸೇರಿದ್ದು. ಇವುಗಳ ಮಹತ್ವ ಇರುವುದು ರೋಗವನ್ನು ಅರ್ಥವುಳ್ಳ ಘಟನೆಯಾಗಿ ಗ್ರಹಿಸಿ, ಅದನ್ನು ಎದುರಿಸಲು ಸಮುದಾಯವನ್ನು ಒಟ್ಟುಗೂಡಿಸುವುದರಲ್ಲಿ.

ಇಂತಹ ಲೋಕದೃಷ್ಟಿಯೊಳಗೆ ಸೂಜಿಗೆ ಸ್ಥಾನವಿರಲು ಸಾಧ್ಯವೆಂಬುದಕ್ಕೆ ಬಂಗಾಳವೇ ನಿದರ್ಶನ. ಜೆನ್ನರನಿಗಿಂತ ಮೊದಲೇ, ಸಿಡುಬಿನ ರೋಗಿಯ ಕೀವನ್ನೇ ಅಲ್ಪ ಪ್ರಮಾಣದಲ್ಲಿ ಆರೋಗ್ಯವಂತರ ಮೈಗೆ ಚುಚ್ಚಿ ಹಗುರವಾದ ಸಿಡುಬನ್ನು ಬರಿಸುವ ಪದ್ಧತಿ ಅಲ್ಲಿ ರೂಢಿಯಲ್ಲಿತ್ತು. ಈಸ್ಟ್ ಇಂಡಿಯಾ ಕಂಪನಿಯ ಜೆ. ಜೆಡ್. ಹಾಲ್‌ವೆಲ್ 1767ರಲ್ಲಿ ಲಂಡನ್ನಿನ ವೈದ್ಯರ ಮುಂದೆ ಇದರ ವಿವರವಾದ ವರದಿಯನ್ನು ಮಂಡಿಸಿದ. ಚುಚ್ಚುವ ಬ್ರಾಹ್ಮಣರು ಚಳಿಗಾಲ ಮುಗಿಯುವ ವೇಳೆಗೆ ಊರೂರಿಗೆ ಬರುತ್ತಿದ್ದರು. ಚುಚ್ಚಿಸಿಕೊಳ್ಳುವವರು ಮೊದಲೇ ಮೀನು, ಹಾಲು, ತುಪ್ಪ ಬಿಟ್ಟು ಪಥ್ಯದಲ್ಲಿರಬೇಕಿತ್ತು. ಹಿಂದಿನ ವರ್ಷ ಸಂಗ್ರಹಿಸಿಟ್ಟ ಕೀವನ್ನು ಗಂಗಾಜಲದಿಂದ ತೇವಗೊಳಿಸಿ, ದೇವಿಯ ಸ್ತುತಿ ಹೇಳುತ್ತ ಬಳಸುತ್ತಿದ್ದರು. ಆಮೇಲೆ ತಣ್ಣೀರಿನ ಉಪಚಾರ, ಕೊನೆಗೆ ದೇವಿಗೆ ಕಾಣಿಕೆ. ಇಲ್ಲಿ ವೈದ್ಯ ಮತ್ತು ಪೂಜೆ ಬೇರೆ ಬೇರೆಯಾಗಿರಲಿಲ್ಲ. ಶೀತಲಾದೇವಿಯ ಆರಾಧನೆ ಬಂಗಾಳದಲ್ಲಿ ಪ್ರಬಲವಾದದ್ದು ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಎಂದು ಮಾನವಶಾಸ್ತ್ರಜ್ಞ ರಾಲ್ಫ್ ನಿಕೋಲಸ್ ತೋರಿಸಿದ್ದಾರೆ. ದೇವಿಯ ಆರಾಧನೆ ಬೆಳೆದ ಆ ಕಾಲದಲ್ಲಿಯೇ ಟೀಕಾದಾರರ ವೃತ್ತಿಯೂ ಅಲ್ಲಿ ನಡೆಯುತ್ತಿತ್ತು.

ಹೀಗಿರುವಾಗ ಹತ್ತೊಂಬತ್ತನೆಯ ಶತಮಾನದಲ್ಲಿ ಅನೇಕರು ಹೊಸ ಗೋಸಿಡುಬಿನ ಲಸಿಕೆಯನ್ನು ಏಕೆ ಶಂಕಿಸಿದರು? ಡೇವಿಡ್ ಅರ್ನಾಲ್ಡ್ ಮೊದಲಾದ ಇತಿಹಾಸಕಾರರು ಗುರುತಿಸಿರುವಂತೆ, ಹಳೆಯ ಪದ್ಧತಿಯಲ್ಲಿದ್ದ ಪಥ್ಯ, ಸ್ತುತಿ, ಕಾಣಿಕೆಗಳು ಹೊಸದರಲ್ಲಿರಲಿಲ್ಲ. ದೇವಿಯ ಅನುಮತಿಯೇ ಇಲ್ಲದ ಬರಿಯ ಗಾಯವಾಗಿ ಅದು ಜನರಿಗೆ ಕಂಡಿತು. ಹಳೆಯ ಪದ್ಧತಿಯಲ್ಲಿ ಅಪಾಯವೂ ಇತ್ತೆಂಬುದನ್ನು ಮರೆಯುವಂತಿಲ್ಲ. ಚುಚ್ಚಿಸಿಕೊಂಡವರಲ್ಲಿ ಕೆಲವರು ಸಾಯುತ್ತಿದ್ದರು. ಅವರಿಂದ ಇತರರಿಗೆ ನಿಜವಾದ ಸಿಡುಬು ಹರಡುತ್ತಿತ್ತು. 1865ರಲ್ಲಿ ಕಲ್ಕತ್ತದಲ್ಲಿ ಅದನ್ನು ಕಾನೂನಿನ ಮೂಲಕ ನಿಷೇಧಿಸಲಾಯಿತು. ಆದರೆ ಹಳೆಯ ಟೀಕಾದಾರರಲ್ಲಿ ಹಲವರನ್ನು ಸರ್ಕಾರವೇ ಲಸಿಕೆ ಹಾಕುವ ಕೆಲಸಕ್ಕೆ ನೇಮಿಸಿಕೊಂಡಿತು. ಪರಿಚಿತವಾದ ಕೈಗೆ ಹೊಸ ವಸ್ತುವನ್ನು ಕೊಟ್ಟದ್ದು ಆಡಳಿತದ ಜಾಣ್ಮೆಯ ಕ್ರಮವಾಗಿತ್ತು.

ದೈವೇಚ್ಛೆಯ ಪ್ರಶ್ನೆ

ರೋಗ ದೈವದಿಂದ ಬಂದುದಾದರೆ ಅದನ್ನು ಮೊದಲೇ ತಡೆಯುವುದು ದೈವಕ್ಕೆ ಎದುರಾಗುವುದಲ್ಲವೆ ಎಂಬ ಪ್ರಶ್ನೆ ಭಾರತಕ್ಕೆ ಮಾತ್ರ ಸೀಮಿತವಾದುದಲ್ಲ. 1722ರ ಜುಲೈನಲ್ಲಿ ಲಂಡನ್ನಿನ ಚರ್ಚೊಂದರಲ್ಲಿ ಪಾದ್ರಿ ಎಡ್ಮಂಡ್ ಮ್ಯಾಸಿ ಸಿಡುಬು ಚುಚ್ಚಿಸಿಕೊಳ್ಳುವುದು ಪಾಪಕರವೆಂದು ಉಪದೇಶ ಮಾಡಿದ. ಬೈಬಲ್ಲಿನ ಯೋಬನ ಮೈಮೇಲೆದ್ದ ಹುಣ್ಣುಗಳನ್ನು ಸೈತಾನನು ಇದೇ ರೀತಿ ಬರಿಸಿರಬೇಕೆಂಬುದು ಅವನ ವಾದಗಳಲ್ಲಿ ಒಂದು. ಆದರೆ ಅದಕ್ಕೆ ಒಂದು ವರ್ಷ ಮೊದಲು, 1721ರಲ್ಲಿ, ಅಮೆರಿಕದ ಬಾಸ್ಟನ್ನಿನಲ್ಲಿ ಇದೇ ಪದ್ಧತಿಗಾಗಿ ಹೋರಾಡಿದವನೂ ಪಾದ್ರಿಯೇ. ಕಟ್ಟಾ ಪ್ಯೂರಿಟನ್ ಆಗಿದ್ದ ಕಾಟನ್ ಮ್ಯಾದರ್ ತನ್ನ ಮನೆಯಲ್ಲಿ ಗುಲಾಮನಾಗಿದ್ದ ಒನೆಸಿಮಸ್ ಎಂಬ ಆಫ್ರಿಕನ್ನನಿಂದ ಈ ವಿದ್ಯೆಯನ್ನು ಮೊದಲು ಕೇಳಿ ತಿಳಿದಿದ್ದ. ಆ ವರ್ಷದ ಸಾಂಕ್ರಾಮಿಕದಲ್ಲಿ ಬಾಸ್ಟನ್ನಿನ 5,889 ಜನರಿಗೆ ಸಿಡುಬು ತಗುಲಿ 844 ಜನ ಸತ್ತರು. ವೈದ್ಯ ಜಬ್ಡಿಯಲ್ ಬಾಯ್ಲ್‌ಸ್ಟನ್ ಚುಚ್ಚಿದ ಸುಮಾರು 240 ಜನರಲ್ಲಿ ಸತ್ತವರು 6 ಮಂದಿ. ಅಷ್ಟಾದರೂ ಮ್ಯಾದರನ ಮನೆಯೊಳಗೆ ಬಾಂಬ್ ಎಸೆಯಲಾಯಿತು. ಒಂದೇ ಧರ್ಮ, ಒಂದೇ ಗ್ರಂಥ, ಆದರೆ ತೀರ್ಮಾನಗಳು ಎರಡು. ರೋಗವು ದೇವರ ಇಚ್ಛೆಯಾದರೆ ಅದರಿಂದ ಪಾರಾಗುವ ಉಪಾಯವೂ ದೇವರ ಕೃಪೆಯೇ ಎಂಬುದು ಮ್ಯಾದರನ ಪಕ್ಷದ ನಿಲುವಾಗಿತ್ತು.

ಯೆಹೂದಿ ಪರಂಪರೆಯಲ್ಲಿ ಈ ಚರ್ಚೆ ಪ್ರಾಣರಕ್ಷಣೆಯ ಕರ್ತವ್ಯದ ಸುತ್ತ ನಡೆಯಿತು. ದೊಡ್ಡ ಅಪಾಯದಿಂದ ಪಾರಾಗಲು ಸಣ್ಣ ಅಪಾಯವನ್ನು ತಾನಾಗಿ ತಂದುಕೊಳ್ಳಬಹುದೆ ಎಂಬುದು ಅಲ್ಲಿನ ತಾತ್ವಿಕ ಪ್ರಶ್ನೆ. ಒಪ್ಪಬಹುದೆಂಬ ಅಭಿಪ್ರಾಯ ಕ್ರಮೇಣ ಬಲವಾಯಿತು. ಹತ್ತೊಂಬತ್ತನೆಯ ಶತಮಾನದ ಜರ್ಮನ್ ರಬ್ಬಿ ಇಸ್ರಾಯೆಲ್ ಲಿಪ್‌ಶಿಟ್ಜ್ ಮಿಶ್ನಾ ಗ್ರಂಥಕ್ಕೆ ಬರೆದ ತಮ್ಮ ವ್ಯಾಖ್ಯಾನದಲ್ಲಿ, ಅನ್ಯಧರ್ಮೀಯನಾದ ಜೆನ್ನರನನ್ನು ಲೋಕಕ್ಕೆ ಉಪಕಾರ ಮಾಡಿದ ಸತ್ಪುರುಷರ ಸಾಲಿಗೆ ಸೇರಿಸಿದರು.

ಇಸ್ಲಾಮೀ ನಾಡುಗಳಲ್ಲಿಯೂ ಜನರ ಆಚರಣೆ ಏಕರೂಪವಾಗಿರಲಿಲ್ಲ. ಲೇಡಿ ಮೇರಿ ವರ್ಟ್‌ಲಿ ಮಾಂಟೆಗ್ಯು 1717ರಲ್ಲಿ ತುರ್ಕಿಯ ಎಡಿರ್ನೆಯಿಂದ ಬರೆದ ಪತ್ರ ಈ ದೃಷ್ಟಿಯಿಂದ ಕುತೂಹಲಕಾರಿಯಾಗಿದೆ. ವಯಸ್ಸಾದ ಹೆಂಗಸರು ಸೂಜಿಯಿಂದ ಸಿಡುಬು ಚುಚ್ಚುತ್ತಿದ್ದುದನ್ನು ಆಕೆ ವರ್ಣಿಸುತ್ತಾಳೆ. ಅಲ್ಲಿನ ಗ್ರೀಕ್ ಕ್ರೈಸ್ತರು ಹಣೆ, ಎದೆ ಮತ್ತು ಎರಡು ತೋಳುಗಳ ಮೇಲೆ ಚುಚ್ಚಿಸಿಕೊಂಡು ಶಿಲುಬೆಯ ಆಕಾರ ಮೂಡುವಂತೆ ನೋಡಿಕೊಳ್ಳುತ್ತಿದ್ದರೆಂದೂ, ಹಾಗೆ ನಂಬದವರು ಮರೆಯಲ್ಲಿರುವ ಅಂಗಗಳ ಮೇಲೆ ಚುಚ್ಚಿಸಿಕೊಳ್ಳುತ್ತಿದ್ದರೆಂದೂ ಆಕೆ ದಾಖಲಿಸಿದ್ದಾಳೆ. ಬಂಗಾಳದಲ್ಲಿ ಗಂಗಾಜಲ ಮಾಡಿದ ಕೆಲಸವನ್ನು ಇಲ್ಲಿ ಶಿಲುಬೆಯ ಗುರುತು ಮಾಡಿದೆ. ಇಸ್ಲಾಮಿನಲ್ಲಿ ವಿಧಿಯ ಮೇಲಿನ ಭರವಸೆ ಒಂದು ಕಡೆ, ಪ್ರತಿಯೊಂದು ಕಾಯಿಲೆಗೂ ದೇವರು ಮದ್ದನ್ನು ಇಟ್ಟಿದ್ದಾನೆಂಬ ಪ್ರವಾದಿವಚನದ ಪರಂಪರೆ ಇನ್ನೊಂದು ಕಡೆ; ಕಾಲಕ್ರಮದಲ್ಲಿ ಧರ್ಮಶಾಸ್ತ್ರಜ್ಞರಲ್ಲಿ ಬಹುಪಾಲು ಜನ ಎರಡನೆಯದನ್ನು ಆಧಾರವಾಗಿ ಹಿಡಿದರು. ಹಜ್ ಯಾತ್ರೆಗೆ ಹೋಗುವವರು ಮೆನಿಂಜೈಟಿಸ್ ಲಸಿಕೆಯ ಪ್ರಮಾಣಪತ್ರ ಹೊಂದಿರಬೇಕೆಂದು ಸೌದಿ ಅರೇಬಿಯಾ ವಿಧಿಸಿರುವುದು ಇದಕ್ಕೆ ಪೂರಕವಾದ ಸಂಗತಿ.

ಚೀನಾದಲ್ಲಿ ಸಿಡುಬಿಗೆ ದೇವತೆಯೂ ಇದ್ದಳು, ಸಿಡುಬು ಚುಚ್ಚುವ ವಿದ್ಯೆಗೆ ಪವಿತ್ರ ಮೂಲದ ಐತಿಹ್ಯವೂ ಇತ್ತು. ಬೌದ್ಧರಿಗೂ ದಾವೋ ಪಂಥದವರಿಗೂ ಪೂಜ್ಯವಾದ ಎಮೆ ಪರ್ವತದ ತಪಸ್ವಿಯೊಬ್ಬರು ಹನ್ನೊಂದನೆಯ ಶತಮಾನದಲ್ಲಿ ಸುಂಗ್ ರಾಜವಂಶದ ಮಂತ್ರಿ ವಾಂಗ್ ದಾನ್‌ನ ಮಗನಿಗೆ ಈ ರಕ್ಷೆ ಕೊಟ್ಟರೆಂಬುದು ಆ ಐತಿಹ್ಯ. ಇತಿಹಾಸಕಾರರಿಗೆ ದೊರೆಯುವ ಖಚಿತ ಆಧಾರಗಳು ಹದಿನಾರನೆಯ ಶತಮಾನದಿಂದ ಈಚಿನವು. ಕಥೆ ಚಾರಿತ್ರಿಕ ಸತ್ಯವಲ್ಲದಿರಬಹುದು. ಆದರೆ ಅಪಾಯಕರವಾದ ಕ್ರಿಯೆಗೆ ಸಮಾಜ ಒಪ್ಪಿಗೆ ನೀಡಲು ಅಂತಹ ಕಥೆ ಬೇಕಾಗಿತ್ತೆಂಬುದು ಸತ್ಯ.

ದೇಹದೊಳಗೆ ಸೇರುವ ವಸ್ತು

ಎರಡನೆಯ ಪ್ರಶ್ನೆ ಶುದ್ಧಿ, ಅಶುದ್ಧಿಗಳಿಗೆ ಸಂಬಂಧಿಸಿದ್ದು. ಗೋಸಿಡುಬಿನ ಲಸಿಕೆ ಬಾಗ್ದಾದ್, ಬಸ್ರಾ ಮಾರ್ಗವಾಗಿ ಮುಂಬಯಿಗೆ ಬಂದು, 1802ರ ಜೂನ್ 14ರಂದು ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಯಶಸ್ವಿಯಾಗಿ ಹಾಕಲ್ಪಟ್ಟಿತು. ಅಂದಿನ ದಿನಗಳಲ್ಲಿ ಲಸಿಕೆಯನ್ನು ಕಾಪಿಡುವ ಸೌಲಭ್ಯವಿರಲಿಲ್ಲ. ಒಂದು ಮಗುವಿನ ತೋಳಿನ ಬೊಕ್ಕೆಯಿಂದ ತೆಗೆದ ರಸವನ್ನು ಇನ್ನೊಂದು ಮಗುವಿನ ತೋಳಿಗೆ ದಾಟಿಸುತ್ತ ಹೋಗಬೇಕಿತ್ತು. ಜಾತಿಕಟ್ಟಳೆಗಳಿದ್ದ ಸಮಾಜದಲ್ಲಿ ಯಾರ ಮೈಯ ರಸ ಯಾರ ಮೈಗೆ ಸೇರುತ್ತದೆ ಎಂಬುದು ಸಣ್ಣ ವಿಷಯವಾಗಿರಲಿಲ್ಲ. ರಸ ಕೊಡುವ ಮಗುವಿನ ತಾಯಿಗೂ ಇದರಿಂದ ಸಂಕಟವೇ ಆಗುತ್ತಿತ್ತು. ಮುಂದೆ ಕರುಗಳ ಮೈಯಲ್ಲಿ ಲಸಿಕೆಯನ್ನು ಬೆಳೆಸುವ ಕ್ರಮ ಬಂದಾಗ ಜಾತಿಯ ಆಕ್ಷೇಪ ತಗ್ಗಿತಾದರೂ ಗೋವಿನ ಪ್ರಶ್ನೆ ತಲೆಯೆತ್ತಿತು.

ಈ ಆಕ್ಷೇಪವನ್ನು ಆಧುನಿಕ ಕಾಲದಲ್ಲಿ ಪ್ರಬಲವಾಗಿ ಮಂಡಿಸಿದವರು ಮಹಾತ್ಮ ಗಾಂಧಿ. 1913ರಲ್ಲಿ ‘ಇಂಡಿಯನ್ ಒಪಿನಿಯನ್’ ಪತ್ರಿಕೆಯಲ್ಲಿ ಆರೋಗ್ಯ ಕುರಿತು ಬರೆದ ಗುಜರಾತಿ ಲೇಖನಮಾಲೆಯಲ್ಲಿ ಅವರು ಸಿಡುಬಿನ ಲಸಿಕೆಯನ್ನು ಹೊಲಸು ಚಿಕಿತ್ಸೆಯೆಂದು ಖಂಡಿಸಿದರು. ಕರುವಿಗೆ ಹಿಂಸೆ ಕೊಟ್ಟು ಪಡೆದ ವಸ್ತುವನ್ನು ಮೈಗೆ ಸೇರಿಸಿಕೊಳ್ಳುವುದು ಧರ್ಮಕ್ಕೆ ವಿರುದ್ಧವೆಂದು ವಾದಿಸಿದರು. 1930ರ ಹೊತ್ತಿಗೆ ಸಾಬರಮತಿ ಆಶ್ರಮದ ಮಕ್ಕಳು ಸಿಡುಬಿನಿಂದ ತೀರಿಕೊಂಡಾಗ ಅವರು ತೀವ್ರವಾಗಿ ಕಲಕಿಹೋದರೂ ನಿಲುವನ್ನು ಬಿಡಲಿಲ್ಲ. ಇದನ್ನು ಹಳ್ಳಿಗರ ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಪಶ್ಚಿಮದ ಲಸಿಕಾವಿರೋಧಿ ಚಿಂತನೆಯೂ ಅಹಿಂಸೆಯ ತತ್ತ್ವವೂ ಇಲ್ಲಿ ಕೂಡಿಕೊಂಡಿವೆ. ಆದರೆ ಆ ನಿಲುವಿಗೆ ಮಕ್ಕಳ ಪ್ರಾಣದ ಬೆಲೆ ಇತ್ತೆಂಬುದನ್ನೂ ಚರಿತ್ರೆ ಮರೆಮಾಚಬಾರದು. ಇಂಗ್ಲೆಂಡಿನಲ್ಲಿ 1853ರ ಕಡ್ಡಾಯ ಲಸಿಕೆಯ ಕಾನೂನಿಗೆ ಎದುರಾಗಿ ನಡೆದ ದೀರ್ಘ ಹೋರಾಟದ ಫಲವಾಗಿ, ಅಂತಃಸಾಕ್ಷಿಯ ಕಾರಣದಿಂದ ನಿರಾಕರಿಸುವವರಿಗೆ 1898ರಲ್ಲಿ ವಿನಾಯಿತಿ ದೊರೆತಿತ್ತು.

ವಸ್ತುವಿನ ಶುದ್ಧಿಯ ಪ್ರಶ್ನೆಗೆ ಧರ್ಮಶಾಸ್ತ್ರಗಳೊಳಗಿಂದಲೇ ಉತ್ತರ ಬಂದ ನಿದರ್ಶನಗಳು ಈಚಿನ ದಶಕಗಳಲ್ಲಿ ದೊರೆಯುತ್ತವೆ. ದಡಾರ ಮತ್ತು ರುಬೆಲ್ಲಾ ಲಸಿಕೆಯ ತಯಾರಿಕೆಯಲ್ಲಿ ಹಂದಿಮೂಲದ ಅಂಶವಿದೆಯೆಂಬ ವಿವಾದ ಎದ್ದಾಗ, ಇಂಡೊನೇಷ್ಯಾದ ಉಲೇಮಾ ಮಂಡಲಿ 2018ರ ಆಗಸ್ಟಿನಲ್ಲಿ ಫತ್ವಾ ಹೊರಡಿಸಿತು. ಆ ಲಸಿಕೆ ಹರಾಮ್ ಎಂದು ಒಪ್ಪಿಕೊಂಡೇ, ಬೇರೆ ಲಸಿಕೆ ಇಲ್ಲದಿರುವುದರಿಂದಲೂ ಪ್ರಾಣಾಪಾಯ ಇರುವುದರಿಂದಲೂ ಅನಿವಾರ್ಯತೆಯ ನಿಯಮದಂತೆ ಅದನ್ನು ಬಳಸಬಹುದೆಂದು ಅದು ತೀರ್ಪಿತ್ತಿತು. ಕ್ಯಾಥೊಲಿಕ್ ಚರ್ಚಿನ ಮುಂದಿದ್ದ ಪ್ರಶ್ನೆ ಬೇರೆ. ಕೆಲವು ಲಸಿಕೆಗಳ ತಯಾರಿಕೆಯಲ್ಲಿ, ಹಿಂದೆ ಗರ್ಭಪಾತಕ್ಕೊಳಗಾದ ಭ್ರೂಣಗಳಿಂದ ಪಡೆದ ಜೀವಕೋಶಗಳ ಸಂತತಿ ಬಳಕೆಯಾಗುತ್ತದೆ. 2020ರ ಡಿಸೆಂಬರ್ 21ರಂದು ವ್ಯಾಟಿಕನ್ ಪ್ರಕಟಿಸಿದ ಟಿಪ್ಪಣಿ, ಬೇರೆ ದಾರಿಯಿಲ್ಲದಿದ್ದಾಗ ಅಂತಹ ಕೊರೋನಾ ಲಸಿಕೆಗಳನ್ನು ಪಡೆಯುವುದು ನೈತಿಕವಾಗಿ ಒಪ್ಪತಕ್ಕದ್ದೆಂದು ತಿಳಿಸಿತು. ಲಸಿಕೆ ಸ್ವಯಂಪ್ರೇರಿತವಾಗಿರಬೇಕೆಂದೂ ಹೇಳಿತು. ಈ ಎರಡು ತೀರ್ಮಾನಗಳ ತರ್ಕದಲ್ಲಿರುವ ಸಾಮ್ಯ ಎದ್ದು ಕಾಣುತ್ತದೆ. ವಸ್ತುವಿನ ದೋಷವನ್ನು ಯಾರೂ ಅಲ್ಲಗಳೆಯಲಿಲ್ಲ. ಪ್ರಾಣದ ಬೆಲೆಯ ಎದುರು ಅದನ್ನು ತೂಗಿ ನೋಡಿದರು.

ಚುಚ್ಚುವ ಕೈ

ಮೂರನೆಯ ಪ್ರಶ್ನೆ ಅಧಿಕಾರಕ್ಕೆ ಸಂಬಂಧಿಸಿದ್ದು. ಚರಿತ್ರೆಯಲ್ಲಿ ಹೆಚ್ಚು ಸಂಘರ್ಷಕ್ಕೆ ಕಾರಣವಾದದ್ದೂ ಇದೇ. ಈ ಸಂದರ್ಭದಲ್ಲಿ ಮೈಸೂರಿನ ನಿದರ್ಶನಕ್ಕೆ ವಿಶೇಷ ಸ್ಥಾನವಿದೆ. ಚಿತ್ರಕಾರ ಥಾಮಸ್ ಹಿಕಿ 1805ರ ಸುಮಾರಿಗೆ ರಚಿಸಿದ ಮೂವರು ರಾಜಸ್ತ್ರೀಯರ ತೈಲಚಿತ್ರವೊಂದಿದೆ. ಅದರಲ್ಲಿರುವವರು ಮೈಸೂರಿನ ಅರಮನೆಯವರೆಂದೂ, ಬಲಬದಿಯಲ್ಲಿರುವವರು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿಯೆಂದೂ, ನಡುವೆ ನಿಂತಿರುವವರು ರಾಜಮಾತೆ ಲಕ್ಷ್ಮಮ್ಮಣ್ಣಿಯೆಂದೂ ಇತಿಹಾಸಕಾರ ನೈಜೆಲ್ ಚಾನ್ಸೆಲರ್ 2001ರಲ್ಲಿ ವಾದಿಸಿದರು. ಕಿರಿಯ ರಾಣಿ ಸೆರಗನ್ನು ಸರಿಸಿ ಲಸಿಕೆ ಹಾಕಿಸಿಕೊಂಡ ಎಡದೋಳನ್ನು ತೋರುತ್ತಿದ್ದಾರೆಂದೂ, ಎಡಬದಿಯ ಹಿರಿಯ ರಾಣಿಯ ಮೂಗು, ಬಾಯಿಗಳ ಸುತ್ತ ಕಾಣುವ ಬಿಳಿಚಿದ ಬಣ್ಣ ಹಳೆಯ ಪದ್ಧತಿಯ ಗುರುತೆಂದೂ ಅವರ ವ್ಯಾಖ್ಯಾನ. ಈ ವ್ಯಾಖ್ಯಾನವನ್ನು ಒಪ್ಪುವುದಾದರೆ ಹಳೆಯ ಮತ್ತು ಹೊಸ ವಿದ್ಯೆಗಳೆರಡೂ ಒಂದೇ ಚಿತ್ರದಲ್ಲಿ ಅಕ್ಕಪಕ್ಕದಲ್ಲಿ ನಿಂತಿವೆ. ರಾಣಿ ಲಸಿಕೆ ಪಡೆದ ಸುದ್ದಿಯಿಂದ ಜನರು ಮುಂದೆ ಬಂದರೆಂದು 1806ರ ಪ್ರಕಟಣೆಯೊಂದು ತಿಳಿಸುತ್ತದೆ. ಸಂಪ್ರದಾಯನಿಷ್ಠ ಅರಮನೆಯ ಹೆಣ್ಣುಮಗಳ ತೋಳು ಕಂಪನಿಯ ಯಾವ ಆಜ್ಞೆಗಿಂತಲೂ ಹೆಚ್ಚು ಭರವಸೆ ಕೊಡಬಲ್ಲುದಾಗಿತ್ತು.

ಅದೇ ಕಾಲದ ಮದರಾಸಿನಲ್ಲಿ ಇನ್ನೊಂದು ಬಗೆಯ ಪ್ರಯತ್ನ ನಡೆಯಿತು. ದ್ರಾವಿಡ ಭಾಷೆಗಳು ಸ್ವತಂತ್ರ ಕುಟುಂಬಕ್ಕೆ ಸೇರಿದವೆಂದು 1816ರಲ್ಲಿ ಪ್ರತಿಪಾದಿಸಿ ಕನ್ನಡ ವಿದ್ವಾಂಸರಿಗೂ ಪರಿಚಿತನಾಗಿರುವ ಎಫ್. ಡಬ್ಲ್ಯು. ಎಲ್ಲಿಸ್, ಲಸಿಕೆಯನ್ನು ಹೊಗಳುವ ಸಂಸ್ಕೃತ ಪದ್ಯಗಳನ್ನು ರಚಿಸಿ, ಅವು ಪ್ರಾಚೀನವೆಂಬ ಭಾವನೆ ಹುಟ್ಟುವಂತೆ ಮಾಡಿದನೆಂದು ಸಮಕಾಲೀನರು ಹೇಳಿದ್ದಾರೆ. 1819ರ ಜನವರಿಯಲ್ಲಿ ‘ಮದ್ರಾಸ್ ಕೂರಿಯರ್’ ಪತ್ರಿಕೆಯಲ್ಲಿ ಪ್ರಕಟವಾದ ಪತ್ರವೊಂದು, ಧನ್ವಂತರಿಯ ಹೆಸರಿನ ಗ್ರಂಥದಲ್ಲಿ ಗೋಸಿಡುಬಿನ ಲಸಿಕೆಯ ವಿವರವಿದೆಯೆಂದು ಸಾರಿತು. ಸಂಸ್ಕೃತ ವಿದ್ವಾಂಸ ಡೊಮಿನಿಕ್ ವುಜಾಸ್ಟಿಕ್ ಈ ಪ್ರಕರಣವನ್ನು ಶೋಧಿಸಿ, ಅಂತಹ ಪ್ರಾಚೀನ ಗ್ರಂಥಕ್ಕೆ ಆಧಾರವಿಲ್ಲವೆಂದು ತೋರಿಸಿದ್ದಾರೆ. ಜನರ ಹಿತಕ್ಕಾಗಿ ಮಾಡಿದ ಈ ವಂಚನೆ ಲಸಿಕೆಯನ್ನು ಹರಡಲು ಎಷ್ಟು ನೆರವಾಯಿತೋ ತಿಳಿಯದು. ಪ್ರಾಚೀನ ಭಾರತದಲ್ಲಿಯೇ ಗೋಸಿಡುಬಿನ ಲಸಿಕೆ ಇತ್ತೆಂಬ ತಪ್ಪು ನಂಬಿಕೆ ಮಾತ್ರ ಇಪ್ಪತ್ತನೆಯ ಶತಮಾನದ ಪುಸ್ತಕಗಳಲ್ಲಿಯೂ ಮುಂದುವರಿಯಿತು. ಇದಕ್ಕೆ ಪ್ರತಿಯಾದ ಐತಿಹ್ಯ ಯೂರೋಪಿನಲ್ಲಿದೆ. ಪೋಪ್ ಹನ್ನೆರಡನೆಯ ಲಿಯೋ ಲಸಿಕೆಯನ್ನು ನಿಷೇಧಿಸಿದನೆಂಬ ಕಥೆ ಬಹುಕಾಲ ಪ್ರಚಾರದಲ್ಲಿತ್ತು. ಅಂತಹ ಆಜ್ಞೆಯ ಯಾವ ದಾಖಲೆಯೂ ಸಂಶೋಧಕರಿಗೆ ಸಿಕ್ಕಿಲ್ಲ. ಧರ್ಮ ಲಸಿಕೆಯನ್ನು ಮೊದಲೇ ಬಲ್ಲುದಾಗಿತ್ತೆಂಬ ಕಥೆಯಂತೆಯೇ ಧರ್ಮ ಅದನ್ನು ನಿಷೇಧಿಸಿತೆಂಬ ಕಥೆಯೂ ಆಧಾರವಿಲ್ಲದೆ ಬೆಳೆಯಬಲ್ಲುದು.

ಶತಮಾನದ ಕೊನೆಯಲ್ಲಿ ಪ್ಲೇಗು ಬಂದಾಗ ಈ ಭೇದ ಇನ್ನಷ್ಟು ನಿಚ್ಚಳವಾಯಿತು. ವಾಲ್ಡೆಮಾರ್ ಹಾಫ್‌ಕಿನ್ 1897ರಲ್ಲಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿದರು. ಇಸ್ಮಾಯಿಲಿ ಖೋಜಾ ಸಮುದಾಯದ ಧರ್ಮಗುರು ಮೂರನೆಯ ಆಗಾ ಖಾನ್ ತಮ್ಮ ಅನುಯಾಯಿಗಳ ಎದುರಿಗೇ ಚುಚ್ಚಿಸಿಕೊಂಡು ಮಾದರಿಯಾದರು. ಆ ಸಮುದಾಯದ ಸಾವಿರಾರು ಜನ ಅವರನ್ನು ಅನುಸರಿಸಿದರು. ಅದೇ ವರ್ಷ ಪುಣೆಯಲ್ಲಿ ಸೈನಿಕರು ಮನೆಗಳಿಗೂ ದೇವರಕೋಣೆಗಳಿಗೂ ನುಗ್ಗಿ ಶೋಧ ನಡೆಸಿದ್ದರ ಪರಿಣಾಮವಾಗಿ ಪ್ಲೇಗು ಕಮಿಷನರ್ ರ‍್ಯಾಂಡ್‌ನ ಹತ್ಯೆಯಾಯಿತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗಿನ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಹಾಕಲಾಯಿತು. ಅದೇ ವರ್ಷ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಾಗ ಜನರು ಪ್ಲೇಗಮ್ಮನಿಗೆ ಗುಡಿಗಳನ್ನು ಕಟ್ಟಿದರು. ಗುಡಿ ಮತ್ತು ಸೂಜಿ ಒಂದನ್ನೊಂದು ಹೊರಗಿಡಲಿಲ್ಲ. ಒಂದೇ ಕುಟುಂಬ ಎರಡಕ್ಕೂ ಮೊರೆ ಹೋಗಬಹುದಾಗಿತ್ತು.

ಇಪ್ಪತ್ತೊಂದನೆಯ ಶತಮಾನದ ಪೋಲಿಯೊ ಚರಿತ್ರೆ ಇದೇ ಪಾಠವನ್ನು ಹೇಳುತ್ತದೆ. ನೈಜೀರಿಯದ ಕಾನೋ ರಾಜ್ಯದಲ್ಲಿ 2003ರಲ್ಲಿ ಧಾರ್ಮಿಕ ನಾಯಕರು ಪೋಲಿಯೊ ಹನಿಯನ್ನು ಬಹಿಷ್ಕರಿಸಿದರು. ಅದರ ಹಿಂದೆ 1996ರಲ್ಲಿ ಅಲ್ಲಿನ ಮಕ್ಕಳ ಮೇಲೆ ವಿದೇಶಿ ಕಂಪನಿಯೊಂದು ನಡೆಸಿದ ಔಷಧ ಪ್ರಯೋಗದ ಕಹಿ ನೆನಪೂ ಇತ್ತು. ಮುಸ್ಲಿಂ ಬಹುಸಂಖ್ಯಾತ ಇಂಡೊನೇಷ್ಯಾದಲ್ಲಿ ತಯಾರಾದ ಲಸಿಕೆಯನ್ನು ತರಿಸಿದ ಮೇಲೆ 2004ರಲ್ಲಿ ಬಹಿಷ್ಕಾರ ಕೊನೆಗೊಂಡಿತು. ಅಷ್ಟರಲ್ಲಿ ರೋಗ ಹಲವು ದೇಶಗಳಿಗೆ ಹರಡಿತ್ತು. ಪಾಕಿಸ್ತಾನದ ಅಬೊಟಾಬಾದಿನಲ್ಲಿ 2011ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಲಸಿಕೆಯ ಸೋಗಿನಲ್ಲಿ ಮಾಹಿತಿ ಸಂಗ್ರಹಕ್ಕೆ ತೊಡಗಿದ್ದು ಬಯಲಾಯಿತು. ಅದರಿಂದ ಬಲಗೊಂಡ ಅನುಮಾನ ಲಸಿಕೆ ಕಾರ್ಯಕರ್ತರ ಮೇಲಿನ ದಾಳಿಗಳಿಗೆ ನೆಪವಾಯಿತು. ಭಾರತದ ಉತ್ತರ ಪ್ರದೇಶದಲ್ಲಿ ಇಂತಹದೇ ಅನುಮಾನ ಹಬ್ಬಿದಾಗ ಇಮಾಮರು, ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ, ಜಾಮಿಯಾ ಮಿಲಿಯಾ ಮೊದಲಾದ ಸಂಸ್ಥೆಗಳು ಕೈಜೋಡಿಸಿದವು. ದೇಶದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಕಂಡುಬಂದು, 2014ರ ಮಾರ್ಚ್ 27ರಂದು ಆಗ್ನೇಯ ಏಷ್ಯಾ ವಲಯ ಪೋಲಿಯೊಮುಕ್ತವೆಂದು ಘೋಷಿತವಾಯಿತು.

ಸಮಾರೋಪ

ಸಿಡುಬಿನ ನಿರ್ಮೂಲನದ ಕೊನೆಯ ಘಟ್ಟದಲ್ಲಿ, 1970ರ ದಶಕದಲ್ಲಿ, ಅಂದಿನ ಬಿಹಾರದ ಸಿಂಗ್‌ಭೂಮ್ ಪ್ರದೇಶದಲ್ಲಿ ನಡೆದ ಪ್ರಸಂಗವೊಂದನ್ನು ಆ ಕಾರ್ಯಕ್ರಮದಲ್ಲಿದ್ದ ವೈದ್ಯ ಲಾರೆನ್ಸ್ ಬ್ರಿಲಿಯಂಟ್ ದಾಖಲಿಸಿದ್ದಾರೆ. ಹೋ ಬುಡಕಟ್ಟಿನ ಮುಖಂಡನೊಬ್ಬ ದೈವದ ಇಚ್ಛೆಗೆ ವಿರುದ್ಧವೆಂದು ಲಸಿಕೆಯನ್ನು ನಿರಾಕರಿಸಿದ. ಅಧಿಕಾರಿಗಳು ರಾತ್ರಿಯ ಹೊತ್ತು ಮನೆಗೆ ನುಗ್ಗಿ, ಹಿಡಿದು, ಬಲವಂತದಿಂದ ಚುಚ್ಚಿದರು. ಎಲ್ಲ ಮುಗಿದ ಮೇಲೆ ಆತ ತನ್ನ ಹಿತ್ತಲಿನ ಸೌತೆಕಾಯಿಯನ್ನು ಕಿತ್ತು ಬಂದವರಿಗೆ ಕೊಟ್ಟ. ಎದುರಿಸುವುದು ತನ್ನ ಧರ್ಮವಾಗಿತ್ತು, ಅದು ಮುಗಿಯಿತು, ಈಗ ಅವರು ಅತಿಥಿಗಳು ಎಂಬುದು ಅವನ ನಿಲುವು. ಭಾರತದ ಕೊನೆಯ ಸಿಡುಬು ಪ್ರಕರಣ ವರದಿಯಾದದ್ದು 1975ರ ಮೇ ತಿಂಗಳಲ್ಲಿ. 1980ರ ಮೇ 8ರಂದು ಜಗತ್ತು ಸಿಡುಬಿನಿಂದ ಮುಕ್ತವಾಯಿತೆಂದು ಘೋಷಿಸಲಾಯಿತು. ಆ ಮಹತ್ಸಾಧನೆಯ ಲೆಕ್ಕದಲ್ಲಿ ಬಲವಂತದ ಇಂತಹ ರಾತ್ರಿಗಳೂ ಸೇರಿವೆ. ಲಸಿಕೆ ಪಡೆಯದೆ ಸತ್ತ ಅಸಂಖ್ಯ ಮಕ್ಕಳೂ ಸೇರಿದ್ದಾರೆ. ಎರಡನ್ನೂ ಒಟ್ಟಿಗೆ ನೆನೆಯುವುದು ಚರಿತ್ರಕಾರನ ಹೊಣೆ.

ರೋಗ ಹೋದ ಮೇಲೂ ದೇವಿ ಹೋಗಲಿಲ್ಲ. ಮಾರಮ್ಮ, ದುರ್ಗವ್ವ, ದ್ಯಾಮವ್ವರ ಜಾತ್ರೆಗಳು ನಡೆಯುತ್ತಿವೆ. ಸೀತಾಳೆ ಸಿಡುಬು ಬಂದಾಗ ಇಂದಿಗೂ ಅನೇಕ ಮನೆಗಳಲ್ಲಿ ಬೇವು ಬಾಗಿಲಿಗೆ ಬರುತ್ತದೆ. 2021ರ ಮೇ ತಿಂಗಳಲ್ಲಿ ಕೊಯಮತ್ತೂರಿನ ಮಠವೊಂದರಲ್ಲಿ ಕೊರೋನಾ ದೇವಿಯ ಪ್ರತಿಷ್ಠಾಪನೆಯಾಯಿತು. ಅದೇ ವರ್ಷದ ಮಾರ್ಚ್ 6ರಂದು ದಲೈಲಾಮಾ ಧರ್ಮಶಾಲೆಯಲ್ಲಿ ಸಾರ್ವಜನಿಕವಾಗಿ ಲಸಿಕೆ ಪಡೆದಿದ್ದರು. ಧರ್ಮಗಳು ಲಸಿಕೆಯ ಬಗ್ಗೆ ಏನು ಹೇಳುತ್ತವೆ ಎಂಬ ಪ್ರಶ್ನೆಗೆ ಗ್ರಂಥಗಳಲ್ಲಿ ಸಿದ್ಧ ಉತ್ತರವಿಲ್ಲ. ಉತ್ತರವನ್ನು ರೂಪಿಸಿದವರು ಪಾದ್ರಿಗಳು, ರಬ್ಬಿಗಳು, ಉಲೇಮಾಗಳು, ಟೀಕಾದಾರರು, ರಾಣಿಯರು. ಎಲ್ಲರಿಗಿಂತ ಹೆಚ್ಚಾಗಿ, ಕಂಕುಳಲ್ಲಿ ಮಗುವನ್ನಿಟ್ಟುಕೊಂಡು ನಿರ್ಧರಿಸಬೇಕಾಗಿದ್ದ ತಾಯಂದಿರು. ‘ದೇವಿ ಹಾಕು’ ಎಂಬ ಎರಡು ಪದಗಳಲ್ಲಿ ಅವರು ನಂಬಿಕೆಯನ್ನೂ ಬಿಡಲಿಲ್ಲ, ಮಗುವನ್ನೂ ಬಿಟ್ಟುಕೊಡಲಿಲ್ಲ. ಆರೋಗ್ಯದ ಚರಿತ್ರೆಯನ್ನು ಬರೆಯುವವರು ಸರ್ಕಾರಿ ವರದಿಗಳ ಜೊತೆಗೆ ಇಂತಹ ಮಾತುಗಳನ್ನೂ ದಾಖಲೆಯೆಂದು ಪರಿಗಣಿಸುವುದು ಅಗತ್ಯ. ತೋಳಿನ ಮೇಲೆ ದಾಕಿನ ಗುರುತುಳ್ಳ ತಲೆಮಾರು ಕ್ರಮೇಣ ಮರೆಯಾಗುತ್ತಿರುವುದರಿಂದ ಈ ಸಂಗ್ರಹಕಾರ್ಯ ತಡವಾಗಬಾರದು.